ಬೀಗ ಹಾಕಿದ ಹುಳುಮನೆ

ಒಂಬತ್ತು ವರ್ಷದ ಹಿಂದೆ, ಯುಗಾದಿ ಕಳೆದ ವಾರ ನಡೆದದ್ದಿದು. ರಾಮನಗರದ ಹತ್ತಿರ, ಕೈಲಾಂಚದ ಕಡೆ ನಮ್ಮೂರು. ರೇಷ್ಮೆ ಹುಳು ಸಾಕುವುದೇ ಕಸುಬು. ನನ್ನ ಅಣ್ಣ ಶಿವಣ್ಣ ಹದಿನೈದು ವರ್ಷದಿಂದ ದಿನವೂ ಕುಡಿಯುತ್ತಿದ್ದ. ಕೊನೆಕೊನೆಗೆ ಬೆಳಿಗ್ಗೆ ಒಂದಿಷ್ಟು ಕುಡಿಯದಿದ್ದರೆ ಕಾಫಿ ಲೋಟವೂ ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಮಗಳ ತಲೆ ಮುಟ್ಟಿ ಆಣೆ ಮಾಡಿದ. ನನ್ನನ್ನು ಕರೆದು, "ಇನ್ನು ಮುಟ್ಟಾಕಿಲ್ಲ. ಆದ್ರೆ ನನ್ನ ನಂಬಬ್ಯಾಡ ಕಣ್ಲಾ, ಒಳಗಾಕಿ ಬೀಗ ಜಡಿ" ಎಂದ.

ಬೆಳೆ ಮುಗಿದು ಹುಳುಮನೆ ಖಾಲಿಯಾಗಿತ್ತು. ತೊಳೆದು ಒಣಗಿಸಿದ್ದೆವು. ಹುಳು ಗೂಡು ಕಟ್ಟಲೆಂದು ಬಿದಿರಲ್ಲಿ ಹೆಣೆದ ಚಂದ್ರಿಕೆಗಳು ಖಾಲಿಯಾಗಿ ಗೋಡೆಗೆ ಒರಗಿದ್ದವು, ಅವುಗಳ ಹೊರತು ಒಳಗೆ ಏನೂ ಇರಲಿಲ್ಲ. ಚಾಪೆ ಹಾಸಿ, ನೀರಿಟ್ಟು, ಬೀಗ ಹಾಕಿ ಕೀಲಿಯನ್ನು ನಾನೇ ಇಟ್ಟುಕೊಂಡೆ. ಊಟದ ಹೊತ್ತಿಗೆ ಮಾತ್ರ ತೆಗೆಯುತ್ತಿದ್ದೆ.

ಎರಡು ದಿನ ಅವನು ನಡುಗಿದ, ಬೆವತ, ತಿಂದದ್ದನ್ನೆಲ್ಲ ಕಕ್ಕಿದ. "ಇಸ ಇಳೀತಾ ಐತೆ, ತಡ್ಕಳ್ಳಿ" ಎಂದಳು ಅವ್ವ. ನಾನೂ ಹಾಗೇ ನಂಬಿದೆ.

ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಕಿಟಕಿಯ ಬಲೆಗೆ ಮುಖ ಒತ್ತಿ ನಿಂತಿದ್ದಳು. ನಗುತ್ತಿದ್ದಳು. "ಕುಮಾರ, ಬಾ ಇಲ್ಲಿ. ನಿಮ್ಮಣ್ಣಂಗೆ ಕೆಲ್ಸದ ಮೇಲೆ ಮನ್ಸು ಬಂದೈತೆ ನೋಡು."

ನೋಡಿದೆ. ಅಣ್ಣ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವವನಂತೆ ನೆಲದಿಂದ ಒಂದೊಂದನ್ನೇ ಎತ್ತಿ ಇಡುತ್ತಿದ್ದ. ಎರಡು ಬೆರಳಲ್ಲಿ, ಹುಳುವಿಗೆ ನೋವಾಗದ ಹಾಗೆ. ಮೂಲೆಯಲ್ಲಿ ಒಂದಷ್ಟು ಹುಳು ಉಳಿದಿರಬೇಕು ಅಂದುಕೊಂಡೆವು. ಅವ್ವ ಬಂದು ದೇವರಿಗೆ ಕೈಮುಗಿದಳು. "ಗೂಡು ಕಟ್ಟೋದ್ಕೆ ಬುಡ್ತಾ ಅವ್ನೆ, ಸರಿ ಹೋದ ಬುಡು" ಎಂದು ನಾನೂ ನಕ್ಕೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅವನು ಇಲ್ಲದ ಹುಳುಗಳನ್ನು ತನ್ನ ತೋಳಿನಿಂದ ಆರಿಸತೊಡಗಿದ. ನಂತರ ಕುತ್ತಿಗೆಯಿಂದ. ಕಣ್ಣಿನ ರೆಪ್ಪೆಯಿಂದ.

ಬೀಗ ತೆಗೆದು ಒಳಗೆ ಹೋದೆ. ಅಂಗಿ ತೊಯ್ದು ಮೈಗೆ ಅಂಟಿತ್ತು. ಮುಟ್ಟಿದರೆ ಮೈ ಸುಡುತ್ತಿತ್ತು. ಅಣ್ಣ ನನ್ನನ್ನೇ ನೋಡಿ, "ಮಾವ, ಒಸಿ ಸರ್ಕಳಿ, ತುಳಿದ್ಬುಟ್ಟೀರಿ" ಎಂದ. ಅವನ ಮಾವ, ಅತ್ತಿಗೆಯ ಅಪ್ಪ, ಸತ್ತು ಆರು ವರ್ಷವಾಗಿತ್ತು.

ಗೂಡು ಸಾಗಿಸುವ ನಯಾಜ್‌ನ ಟೆಂಪೋದಲ್ಲಿ ಮಲಗಿಸಿ ರಾಮನಗರಕ್ಕೆ ಹೊರಟೆವು. ದಾರಿಯಲ್ಲಿ ಅಣ್ಣನಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿಕೊಂಡವು, ಬಾಯಲ್ಲಿ ನೊರೆ. "ಕುಮಾರಣ್ಣ, ಒಂದ್ಕಡೆಗೆ ಹೊರಳ್ಸಿ ಹಿಡ್ಕಳಿ, ಬಾಯಿಗೇನೂ ಹಾಕ್ಬೇಡಿ!" ಎಂದು ಕೂಗುತ್ತಲೇ ನಯಾಜ್ ಗಾಡಿ ಓಡಿಸಿದ. ನಾನು ಅಣ್ಣನ ಎದೆ ಏಳುವುದನ್ನೇ ನೋಡುತ್ತಾ ಕೂತಿದ್ದೆ. ಒಮ್ಮೆ ಅದು ನಿಂತಿತು ಅನ್ನಿಸಿತು. ಮತ್ತೆ ಎದ್ದಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಕೊನೇ ಸಲ ಕುಡಿದದ್ದು ಯಾವಾಗ?" ಎಂದು ಕೇಳಿದರು.

"ಮೂರು ದಿನದಿಂದ ಒಂದು ತೊಟ್ಟೂ ಇಲ್ಲ ಮೇಡಂ. ನಾವೇ ಬೀಗ ಹಾಕಿದ್ದೋ" ಎಂದೆ, ಹೆಮ್ಮೆಯಿಂದಲೇ.

ಬರೆಯುತ್ತಿದ್ದ ಅವರು ತಲೆಯೆತ್ತಿದರು. "ಇಷ್ಟು ವರ್ಷ ಕುಡಿದವರಿಗೆ ಒಂದೇ ಸಲ ನಿಲ್ಲಿಸಿದ್ರೆ ಮಿದುಳು ತಡ್ಕೊಳ್ಳಲ್ಲ. ಜೀವವೇ ಹೋಗಬಹುದು. ಬಿಡಿಸೋದಕ್ಕೂ ಔಷಧ ಇದೆ ಕಣ್ರೀ. ಮೊದಲ ದಿನವೇ ಯಾಕೆ ಬರಲಿಲ್ಲ?"

ಕುಡಿತ ಬಿಡುವುದಕ್ಕೆ ಆಸ್ಪತ್ರೆಗೆ ಹೋಗಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಡುಕ ತಗ್ಗಿಸುವ ಇಂಜೆಕ್ಷನ್ ಕೊಟ್ಟರು. ವಿಟಮಿನ್ ಇಂಜೆಕ್ಷನ್ ಹಾಕಿ, ಆಮೇಲೆ ಗ್ಲೂಕೋಸ್ ಏರಿಸಿದರು. ನರ್ಸ್ ಮತ್ತೆ ಮತ್ತೆ ಬಂದು ಕೈ ಚಾಚಿಸಿ ನಡುಕ ನೋಡುತ್ತಿದ್ದರು, ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಅಣ್ಣ ಸರಿಯಾಗಿ "ಸೋಮವಾರ" ಎಂದ. ಅತ್ತಿಗೆ ಅಲ್ಲೇ ಕುಸಿದು ಕೂತು ಅತ್ತಳು. ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಬಂದು, ನಂತರ ವ್ಯಸನ ಬಿಡಿಸುವ ಕೇಂದ್ರಕ್ಕೆ ಕಳಿಸಿದರು. ಅಲ್ಲಿಂದ ಬಂದ ಮೇಲೆ ಅವನು ಕುಡಿದಿಲ್ಲ.

ಆದರೆ ಅಣ್ಣನಿಗೆ ಆ ದಿನಗಳ ನೆನಪೇ ಇಲ್ಲ. ಅವನ ಮನಸ್ಸು ನೋಯಬಾರದೆಂದು ನಾವ್ಯಾರೂ ಬಿಡಿಸಿ ಹೇಳಲಿಲ್ಲ. ಹೋದ ತಿಂಗಳು ಟೀ ಅಂಗಡಿಯಲ್ಲಿ ಒಬ್ಬನಿಗೆ ಅವನು ಬುದ್ಧಿ ಹೇಳುತ್ತಿದ್ದ: "ಲೇ, ಗಟ್ಟಿ ಮನ್ಸು ಮಾಡು. ಬೀಗ ಹಾಕುಸ್ಕಂಡು ಕೂತ್ಕ. ನಾನು ಬುಡ್ಲಿಲ್ವಾ?"

ಅಲ್ಲೇ, ಎಲ್ಲರೆದುರು, ನಡೆದದ್ದನ್ನೆಲ್ಲ ಹೇಳಿದೆ.

ಅಣ್ಣ ಟೀ ಲೋಟವನ್ನು ಕೆಳಗಿಟ್ಟ. ಆಮೇಲೆ ಕೇಳಿದ: "ನಾನು ಇದೇ ಮಾತ ಇನ್ನೂ ಎಷ್ಟೋ ಜನಕ್ಕೆ ಹೇಳಿವ್ನಲ್ಲೋ ಕುಮಾರ?"

ಈಗ ನಾವಿಬ್ಬರೂ ಅವನ ನೆನಪಿಗೆ ಬಂದವರ ಮನೆಗೆಲ್ಲ ಹೋಗಿ, ಕುಡಿತ ಬಿಡುವುದಕ್ಕೆ ಮೊದಲು ಆಸ್ಪತ್ರೆಗೆ ಹೋಗಿ ಎಂದು ಹೇಳಿ ಬರುತ್ತಿದ್ದೇವೆ. ಪ್ರತಿ ಬಾಗಿಲು ತಟ್ಟುವಾಗಲೂ ಒಳಗಿನಿಂದ ಅಣ್ಣನ ಆ ಮಾತು ಕೇಳಿದವನೇ ಜೀವಂತವಾಗಿ ಬಂದು ತೆರೆಯಲಿ ಎಂದು ಉಸಿರು ಹಿಡಿದು ನಿಲ್ಲುತ್ತೇನೆ.