ಬಾವಿಗೆ ಬಿದ್ದ ವಾಚು

ಶಿರಾದ ವಾಚು ರಿಪೇರಿ ಸಾಬರು ಯಾರ ವಾಚು ಕೆಟ್ಟರೂ ಒಂದೇ ಮಾತು ಹೇಳುತ್ತಿದ್ದರು: “ವಾಚಿಂದು ತಪ್ಪಲ್ಲಪ್ಪಾ, ಬೆರಳಿಂದು.”

ನನ್ನದಂತೂ ಬೆರಳಿನದೇ ತಪ್ಪು. ಭಾವ ದುಬೈಯಿಂದ ತಂದಿದ್ದ, ನೀರಿನಲ್ಲಿ ಮುಳುಗು ಹಾಕುವವರು ಕಟ್ಟುವ ವಾಚನ್ನು ಕೇಳದೆ ಕಟ್ಟಿಕೊಂಡು ಪುರವರ ಊರಿನ ಬಾವಿಗೆ ಹಾರಿದ್ದೆ. ನೀರು ಒಳಗೆ ಹೋಗದಂತೆ ವಾಚಿನ ಪಕ್ಕದ ತಿರುಪು ಬಿಗಿ ಮಾಡಲು ಮರೆತಿದ್ದೆ. ಗಾಜಿನೊಳಗೆಲ್ಲ ಹಬೆ.

“ನಾಳೆ ಭಾವ ಹೊಂಟೋಯ್ತಾರೆ ಸಾಬ್ರೇ, ಹೆಂಗಾದ್ರೂ ಉಳಿಸ್ಕೊಡಿ.”

ಸಾಬರು ವಾಚು ಬಿಚ್ಚಿ ಒಣಗಿಸಿದರು. ನೀರು ತಡೆಯುವ ರಬ್ಬರ್ ಬಳೆಗೆ ಗ್ರೀಸ್ ಸವರಿ ಮುಚ್ಚಿದರು. ಪಕ್ಕದ ಹೋಟೆಲಿನಿಂದ ಲೋಟದಲ್ಲಿ ಉಗುರುಬೆಚ್ಚನೆಯ ನೀರು ತಂದು ಅದರೊಳಗೆ ಇಳಿಬಿಟ್ಟರು. ಗುಳ್ಳೆ ಎದ್ದರೆ ಕೆಲಸ ಕೆಟ್ಟಂತೆ. ಇಬ್ಬರೂ ಬಗ್ಗಿ ನೋಡಿದೆವು. ಒಂದೂ ಏಳಲಿಲ್ಲ.

“ಬಚಾವ್!” ಎಂದು ಸಾಬರು ದೊಡ್ಡದಾಗಿ ಉಸಿರು ಬಿಟ್ಟರು. ವಾಚು ನೀರಲ್ಲಿದ್ದಷ್ಟು ಹೊತ್ತೂ ಅವರು ಉಸಿರು ಕಟ್ಟಿಕೊಂಡೇ ಕೂತಿದ್ದರೆಂದು ಆಗ ತಿಳಿಯಿತು.