ಗುಳಿಗೆ ಕೇಳಿದ್ದು ತಂತಿಗೆ

ನಾನು ಒಂದು ದಿನವೂ ತಲೆ ನೋವು ಅಂತ ಬಾಯಿಬಿಟ್ಟು ಹೇಳಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈಗಲೂ ನನಗೆ ಸುಳ್ಳುಬುರುಕಿ ಎಂಬ ಹೆಸರಿದೆ. ನಾನು ಕೇಳಿದ್ದು ಗುಳಿಗೆ. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದವರದು ತಪ್ಪಲ್ಲವಂತೆ, ಹೇಳದವಳದೇ ತಪ್ಪಂತೆ! ಇದ್ಯಾವ ಊರ ನ್ಯಾಯ?

ನನ್ನ ತವರು ಶಹಾಬಾದ್. ಅಪ್ಪನದು ಮೋಟರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಫ್ಯಾನು, ಮಿಕ್ಸರು, ಕೂಲರಿನ ಪಂಪು ಬಿಚ್ಚಿ, ಒಳಗಿನ ಹಳೇ ತಂತಿ ಕಿತ್ತುಹಾಕಿ ಹೊಸದು ಸುತ್ತುವುದು. ನೋಡಿ ನೋಡಿ ಆ ಕೆಲಸ ನನ್ನ ಕೈಗೂ ಹತ್ತಿತು. ವಾಡಿಗೆ ಮದುವೆಯಾಗಿ ಬಂದ ಮೇಲೆ ನಾನು ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ರಸ್ತೆ ಕಡೆಯ ಕೋಣೆ ಕೊಡಿ, ಅಂಗಡಿ ಇಡುತ್ತೇನೆ ಎಂದೆ. ಗಂಡ ಸಿಮೆಂಟ್ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು ಮಲಗುವ ಮನುಷ್ಯ, ಹೂಂ ಎಂದು ಮಗ್ಗುಲು ಬದಲಿಸಿದ. ಷರತ್ತು ಹಾಕಿದ್ದು ಅತ್ತೆ.

"ಇಡು ಯವ್ವಾ, ನಾ ಬ್ಯಾಡ ಅನ್ನಲ್ಲ. ಆದ್ರ ಆ ಕೆಲಸದಿಂದ ನಿನ್ನ ಮೈಗಿ ಏನರ ಆಯ್ತಂದ್ರ ಅವತ್ತೇ ಬಾಗಿಲಾ ಹಾಕ್ಬೇಕು. ನಿಮ್ಮಪ್ಪಗ ನಾ ಏನ್ ಜವಾಬ್ ಕೊಡ್ಲಿ?"

ನನ್ನ ಮೈಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೆ. ಆಯ್ತು ಎಂದೆ.

ಅಂಗಡಿ ನಡೆಯಿತು. ಆದರೆ ತಾಮ್ರದ ತಂತಿಯಷ್ಟು ಮೋಸದ ವಸ್ತು ಇನ್ನೊಂದಿಲ್ಲ. ಅದರ ಮೇಲೆ ಇನಾಮಲ್ ಎಂಬ ತೆಳ್ಳನೆಯ ಪದರ ಇರುತ್ತದೆ, ಅದರ ಬಣ್ಣವೂ ತಾಮ್ರದ್ದೇ. ನೋಡಿದವರು ಬರೀ ತಾಮ್ರ ಅನ್ನಬೇಕು. ಅದನ್ನು ತೆಗೆಯದೆ ಬೆಸುಗೆ ಹಾಕಲು ಹೋದರೆ ಕರಗಿದ ಸೀಸ ಉಂಡೆಯಾಗಿ ಉರುಳಿ ಬೀಳುತ್ತದೆ, ಹಿಡಿಯುವುದೇ ಇಲ್ಲ. ದಪ್ಪ ತಂತಿಯಾದರೆ ಬ್ಲೇಡಿನಿಂದ ಕೆರೆಯಬಹುದು, ಪಾಲಿಶ್ ಪೇಪರಿನಲ್ಲಿ ತಿಕ್ಕಬಹುದು. ಕೂದಲಿನಂಥ ತಂತಿಯನ್ನು ತಿಕ್ಕಿದರೆ ಟಪ್ ಅಂತ ತುಂಡಾಗುತ್ತದೆ, ಸುತ್ತಿದ ಶ್ರಮವೆಲ್ಲ ನೀರುಪಾಲು. ಅದಕ್ಕೆ ಅಪ್ಪ ಕಲಿಸಿದ ಉಪಾಯ ಆಸ್ಪಿರಿನ್ ಗುಳಿಗೆ. ಗುಳಿಗೆಯ ಮೇಲೆ ತಂತಿಯ ತುದಿ ಇಟ್ಟು, ಕಾದ ಸೋಲ್ಡರಿಂಗ್ ಐರನ್ನಿಂದ ಒತ್ತಬೇಕು. ಗುಳಿಗೆ ಕರಗಿ ಇನಾಮಲ್ಲನ್ನು ತಿಂದುಹಾಕುತ್ತದೆ, ತಂತಿ ಎಳೆದರೆ ಥಳಥಳ. ಹೊಗೆ ಮಾತ್ರ ಮೂಗು ಕಿತ್ತುಹೋಗುವಂಥದ್ದು.

ಅತ್ತೆಗೆ ಆಗಾಗ ತಲೆ ನೋವು. ದೇವರ ಗೂಡಿನಲ್ಲಿ ವಿಭೂತಿಯ ಪಕ್ಕದಲ್ಲೇ ಅದೇ ಗುಳಿಗೆಯ ಡಬ್ಬಿ. ಮನೆಯಲ್ಲೇ ಡಬ್ಬಿ ತುಂಬ ಇರುವಾಗ ವಾಡಿಯ ಬಿಸಿಲಿನಲ್ಲಿ ಮೆಡಿಕಲ್ ತನಕ ಯಾರು ಸಾಯಬೇಕು?

"ಅತ್ತಿ, ಒಂದ್ ಗುಳಿಗಿ ಕೊಡ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. "ತಲಿ ಸಿಡೀಲಿಕತ್ತದೇನ? ಮೊದ್ಲೇ ಹೇಳಬಾರದಾ? ಕುಂದ್ರು ಇಲ್ಲಿ."

ನಾನು ಬಾಯಿ ತೆರೆಯುವುದರೊಳಗೆ ನನ್ನನ್ನು ತಣ್ಣನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಕೂರಿಸಿ, ನೆತ್ತಿಗೆ ಬೆಚ್ಚನೆಯ ಎಣ್ಣೆ ಹಾಕಿ ಒತ್ತತೊಡಗಿದರು. ಅಯ್ಯೋ ಶಿವನೇ, ಅದೇನು ಕೈ! ನಾನು ತಾಯಿಯಿಲ್ಲದ ಮನೆಯಲ್ಲಿ ಬೆಳೆದವಳು, ಅಪ್ಪನ ಕೈ ನನ್ನ ತಲೆಗೆ ಬಂದರೆ ಮೊಟಕಲು ಮಾತ್ರ. ಕಣ್ಣು ತಾನಾಗಿಯೇ ಮುಚ್ಚಿತು. ಆಮೇಲೆ ನೀರು ಕೊಟ್ಟರು. ಗುಳಿಗೆಯನ್ನು ಅಂಗೈಯಲ್ಲೇ ಅಡಗಿಸಿಕೊಂಡು ನೀರಷ್ಟೇ ಕುಡಿದು ಅಂಗಡಿಗೆ ಓಡಿದೆ.

ಅಂದಿನಿಂದ ಸಣ್ಣ ತಂತಿಯ ಕೆಲಸ ಬಂದಾಗಲೆಲ್ಲ ಗುಳಿಗೆ ಕೇಳಿದೆ. ಖರೆ ಹೇಳಬೇಕೆಂದರೆ ದಪ್ಪ ತಂತಿ ಬಂದಾಗಲೂ ಕೇಳಿದೆ.

ಇತ್ತ ಅತ್ತೆಗೆ ಮನೆಯಲ್ಲಿ ಏನೋ ಕಮಟು ವಾಸನೆ. ಎಲ್ಲೋ ಇಲಿ ಸತ್ತಿದೆ ಎಂದು ಜೋಳದ ಚೀಲಗಳನ್ನೆಲ್ಲ ಸರಿಸಿ ನೋಡಿದರು, ಗಂಡನನ್ನು ನಿದ್ದೆಯಿಂದ ಎಬ್ಬಿಸಿ ಮಂಚದ ಕೆಳಗೆ ತೂರಿಸಿದರು. ನಾನೂ ಮೂಗು ಮುಚ್ಚಿಕೊಂಡು ಇಲಿ ಹುಡುಕಿದೆ, ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವಲ್ಲ.

ಒಂದು ಮಧ್ಯಾಹ್ನ ಚಿಂಚೋಳಿಯಿಂದ ಅತ್ತೆಯ ತಮ್ಮ ಬಂದಿಳಿದರು. ಆ ಮಾವ ಒಂದು ಮಾತು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ನೀರು ಕೊಟ್ಟು ನಿಂತೆ. ಅತ್ತೆ ಶುರುಮಾಡಿದರು.

"ನೋಡಪಾ, ಬಂಗಾರದಂಥ ಪೋರಿ. ಆ ಮೋಟರ್ ಕೆಲಸದಾಗ ಬಗ್ಗಿ ಬಗ್ಗಿ ದಿನಾ ತಲಿನೋವು. ನನ್ನ ಡಬ್ಬಿ ಖಾಲಿ ಆಗ್ಯಾದ. ಅಂಗಡಿ ಮುಚ್ಚಿಸಿಬಿಡಪಾ, ನಾ ಹೇಳಿದ್ರ ಕೇಳ್ತಾಳೋ ಇಲ್ಲೋ."

ಮಾವ ಮೀಸೆ ತೀಡಿಕೊಂಡರು. "ಷರತ್ ಅಂದ್ರ ಷರತ್ ಮಗಳ. ಇವತ್ತೇ ಸಾಮಾನ್ ಕಟ್ಟು. ಅವನ್ನ ಶಹಾಬಾದಕ್ಕ ನಿಮ್ಮಪ್ಪಗ ಕಳಸಮು."

ಆ ಕೋಣೆ ಹೋದರೆ ನನಗೆ ಆ ಮನೆಯಲ್ಲಿ ನನ್ನದು ಅನ್ನಲು ಏನಿತ್ತು? ಸಿಟ್ಟು ನೆತ್ತಿಗೇರಿತು.

"ನಂಗ ಯಾವ ತಲಿನೋವೂ ಇಲ್ರಿ!"

"ಹಂಗಾದ್ರ ಡಬ್ಬಿ ಗುಳಿಗಿ ಯಾರು ನುಂಗಿದ್ರು?" ಅತ್ತೆ ಕೇಳಿದರು.

"ಮಿಕ್ಸರ್ ನುಂಗ್ಯಾವ್ರಿ."

ಇಬ್ಬರೂ ನನ್ನ ತಲೆಯೇ ಕೆಟ್ಟಿದೆ ಎಂಬಂತೆ ನೋಡಿದರು. ಕೈ ಹಿಡಿದು ಎಳೆಯುವುದೊಂದು ಬಾಕಿ, ಅವರನ್ನು ಅಂಗಡಿಗೆ ಕರೆದೊಯ್ದು ಐರನ್ ಕಾಯಿಸಿದೆ. ಕೂದಲಿನಂಥ ತಂತಿಯೊಂದನ್ನು ತೋರಿಸಿ, ಇದರ ಮ್ಯಾಲಿನ ಪದರ ತೆಗೀಲಿಕ್ಕ ಗುಳಿಗಿ ಬೇಕ್ರಿ ಎಂದೆ.

"ಬರೇ ತಾಮ್ರ ಅದಲ್ಲ, ಇದರಾಗ ತೆಗಿಯೋದು ಏನದ?" ಮಾವ ಕೇಳಿದರು. ನೀವೇ ಬೆಸುಗೆ ಹಾಕ್ರಿ ಎಂದು ಐರನ್ ಅವರ ಕೈಗೇ ಕೊಟ್ಟೆ. ಸೀಸ ಉರುಳಿ ಅವರ ಹೊಸ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ನಾನು ಕೂತು, ಅಂಗಡಿಯಲ್ಲಿ ಉಳಿದಿದ್ದ ಗುಳಿಗೆಯ ಮೇಲೆ ತಂತಿಯ ತುದಿ ಇಟ್ಟು ಒತ್ತಿದೆ. ಚುಂಯ್ ಅಂತ ಹೊಗೆ ಎದ್ದಿತು. ಮಾವ ಕೆಮ್ಮುತ್ತ, ಹೆಗಲ ಮೇಲಿನ ವಸ್ತ್ರದಿಂದ ಮೂಗು ಮುಚ್ಚಿಕೊಂಡು ರಸ್ತೆಗೇ ಓಡಿದರು. ಒಳಗಿನಿಂದ ಗಂಡನ ದನಿ ಬಂತು: "ಇಲಿ ಸಿಕ್ತೇನು?"

ಈ ಸಲ ಸೀಸ ಹಿಡಿಯಿತು. ಮಾವ ರಸ್ತೆಯಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. "ಅಕ್ಕಾ, ರೋಗನೇ ಇಲ್ಲಂದ್ರ ಅಂಗಡಿ ಯಾಕ ಮುಚ್ಚತಿ? ನಡೀಲಿ ಬಿಡು. ಇಕಿ ಭಾಳ ಖತರ್ನಾಕ್ ಇದ್ದಾಳ!"

ಕುಣಿಯುವುದೊಂದು ಬಾಕಿ ಇತ್ತು. ಗೆದ್ದೆ ಎಂದು ಅತ್ತೆಯ ಕಡೆ ತಿರುಗಿದೆ. ಅವರು ತಂತಿ ನೋಡುತ್ತಿರಲಿಲ್ಲ, ನನ್ನ ನೆತ್ತಿ ನೋಡುತ್ತಿದ್ದರು.

"ಹಂಗಾದ್ರ ಇಷ್ಟ್ ದಿನ ನಾ ಒತ್ತಿದ್ದು ಏನು?"

ನನ್ನ ನಗು ಅಲ್ಲೇ ನಿಂತಿತು. "ನೋವ್ ಇರ್ಲಿಲ್ರಿ ಅತ್ತಿ. ಆದ್ರ ನೀವ್ ಒತ್ತಿದ್ರ ಭಾಳ ಛಲೋ ಅನಸ್ತಿತ್ತು. ಅದಕ್ಕ ಸುಮ್ನಿದ್ದೆ" ಎಂದೆ. ಅಳು ಬಂದುಬಿಟ್ಟಿತು.

"ಛಲೋ ಆಯ್ತು" ಎಂದರು ಅತ್ತೆ. "ಅಂಗಡಿ ನಡಸು." ಸೆರಗು ಕೊಡವಿ, ತಮ್ಮನಿಗೆ ರೊಟ್ಟಿ ಬಡಿಯಲು ಒಳಗೆ ಹೋದರು.

ಸಂಜೆಗೆ ನನ್ನ ತಲೆ ಖರೇನೇ ಸಿಡಿಯತೊಡಗಿತು. ಹೊಗೆಗೋ ಅತ್ತಿದ್ದಕ್ಕೋ ಗೊತ್ತಿಲ್ಲ. ಅಡುಗೆಮನೆಯ ಬಾಗಿಲ ತನಕ ಹೋದೆ. ಅತ್ತೆ ತಲೆಯೆತ್ತಿ ನೋಡಿ, "ಏನ್ ಬೇಕವ್ವ?" ಎಂದರು.

"ಏನಿಲ್ರಿ" ಎಂದು ವಾಪಸು ಬಂದೆ.