ಎಡಗಡೆ ಬಟನ್

ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲಿ ಅಂಕಯ್ಯನ ಕೈಚಳಕ ಗೊತ್ತಿಲ್ಲದವರು ಇರಲಿಲ್ಲ. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಅವನು ಉಳಿ ಕೊಟ್ಟು, ಮೇಲೆ ಅರಗಿನ ಬಣ್ಣ ಹತ್ತಿಸಿದರೆ, ಮರ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಎಂದು ಉಗುರಿನಿಂದ ಕೆರೆದು ನೋಡಿದರೂ ಹೇಳಲಾಗುತ್ತಿರಲಿಲ್ಲ. ಕೆಲಸ ಎಷ್ಟು ಚೆನ್ನೋ ಜಂಬವೂ ಅಷ್ಟೇ. ಅವನನ್ನು ಹಾಳು ಮಾಡಿದ್ದು ಆ ಜಂಬವೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಎಲ್ಲವನ್ನೂ ಹಣೆಬರಹದ ತಲೆಗೆ ಕಟ್ಟುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಅವನ ಪಕ್ಕದ ಲೇತಿನಲ್ಲಿ ಕೂರುತ್ತಿದ್ದವನು ಖಲಂದರ್. ಮೀಸೆ ಚಿಗುರುವ ಮುಂಚಿನಿಂದ ಇಬ್ಬರದೂ ಒಂದೇ ಕಾರ್ಖಾನೆ, ಒಂದೇ ಬೀಡಿಕಟ್ಟು. ಚೀನಾದ ಪ್ಲಾಸ್ಟಿಕ್ ಬೊಂಬೆ ಬಂದು ಮರದ ಬೊಂಬೆಯನ್ನು ಕೇಳುವವರಿಲ್ಲದಂತಾದಾಗ ಇಬ್ಬರೂ ಒಟ್ಟಿಗೇ ಬೆಳಗಿನ ರೈಲು ಹತ್ತಿ ಬಿಡದಿಗೆ ಹೋದರು. ಅಲ್ಲಿ ಕಾರಿನ ಬಿಡಿಭಾಗ ಮಾಡುವ ಸಣ್ಣದೊಂದು ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿನ ಕೆಲಸ ಸಿಕ್ಕಿತು.

ಆ ಪ್ರೆಸ್ಸಿಗೆ ಎರಡು ಬಟನ್. ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಬೀಳಬೇಕು. ಕೈಗಳೆರಡೂ ಬಟನ್ ಮೇಲಿದ್ದರೆ ಪ್ರೆಸ್ಸಿನ ಕೆಳಗೆ ಕೈ ಇರುವುದಿಲ್ಲವಲ್ಲ, ಅದು ಲೆಕ್ಕಾಚಾರ. ಆದರೆ ಹೀಗೆ ಮಾಡಿದರೆ ಟಾರ್ಗೆಟ್ ಮುಟ್ಟುವುದಿಲ್ಲ. ಅದಕ್ಕೆ ಎಲ್ಲರೂ ಎಡಗಡೆ ಬಟನ್ನನ್ನು ಒತ್ತಿ, ಅದು ಮೇಲೇಳದ ಹಾಗೆ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿ, ಒಂದೇ ಕೈಯಲ್ಲಿ ಕೆಲಸ ಹೊಡೆಯುತ್ತಿದ್ದರು. ಸೂಪರ್‌ವೈಸರ್ ಕಂಡರೆ ಬೈಗುಳ ತಪ್ಪಿದ್ದಲ್ಲ.

ಬೇರೆಯವರು ಕಡ್ಡಿ ಸಿಕ್ಕಿಸಿದರೆ ಸಿಕ್ಕಿಸಲಿ, ಅಂಕಯ್ಯ ಸಿಕ್ಕಿಸುವುದುಂಟೆ! ಊರಿಗೆ ಹೋಗಿ ಲೇತಿಗೆ ಕೂತು, ಆ ಸಂದಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವ ಒಂದು ಗೂಟ ಕಡೆದ. ಬಟನ್ನಿನದೇ ಹಸಿರು ಅರಗು ಹತ್ತಿಸಿದ. ಸೂಪರ್‌ವೈಸರ್ ಮೂಗು ತಾಗಿಸಿ ನೋಡಿದರೂ ಗೂಟ ಇದೆಯೆಂದು ಗೊತ್ತಾಗಲಿಲ್ಲ. ಶೆಡ್ಡಿನವರೆಲ್ಲ ಬಾಯಿ ಬಿಟ್ಟರು. ಖಲಂದರ್ ಮಾತ್ರ, "ಇದು ಒಳ್ಳೇದಲ್ಲ ಕಣ್ಲಾ ಅಂಕಾ, ಪಾಳಿ ಮುಗಿದ್ಮೇಲೆ ಕಿತ್ಕೊಂಡ್ ಹೋಗು" ಅಂದಿದ್ದ. ಅವನು ಗೂಟ ಮುಟ್ಟುವವನಲ್ಲ, ಎರಡು ಕೈಯಲ್ಲೇ ನಿಧಾನಕ್ಕೆ ಕೆಲಸ ಮಾಡುವ ಪುಕ್ಕಲು ಮನುಷ್ಯ.

ಎರಡು ಸಾವಿರದ ಮೂರರ ಒಂದು ಮಧ್ಯಾಹ್ನ. ಅಂಕಯ್ಯನದು ಮೊದಲ ಪಾಳಿ, ಆಮೇಲೆ ಅದೇ ಪ್ರೆಸ್ಸಿಗೆ ಖಲಂದರ್. ಅವತ್ತು ಭಾವಮೈದನ ಊರಿನಲ್ಲಿ ಬಾಡೂಟ. ರೈಲು ತಪ್ಪೀತೆಂದು ಅಂಕಯ್ಯ ಗಂಟೆ ಹೊಡೆಯುವುದೇ ತಡ ಓಡಿದ. ದಿನವೂ ಕಿತ್ತುಕೊಂಡು ಹೋಗುತ್ತಿದ್ದ ಗೂಟ ಅವತ್ತು ಅಲ್ಲೇ ಉಳಿಯಿತು. ಖಲಂದರನಿಗೆ ಒಂದು ರೂಢಿಯಿತ್ತು: ಎಡಗೈಯಿಂದ ತಗಡು ಸರಿಮಾಡುತ್ತಿರುವಾಗಲೇ ಬಲಗಡೆ ಬಟನ್ ಒತ್ತಿಕೊಳ್ಳುವುದು. ಎಡಗಡೆ ಒತ್ತದೆ ಪ್ರೆಸ್ ಬೀಳುವುದಿಲ್ಲವೆಂದು ನಂಬಿದ್ದ. ಬಿತ್ತು. ಎಡಗೈಯ ನಾಲ್ಕು ಬೆರಳು ಹೋದವು. ಆ ಹೊತ್ತಿಗೆ ಅಂಕಯ್ಯ ಎಲೆಯ ಮುಂದೆ ಕೂತು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ.

ಮಾರನೆಯ ದಿನ ಆಸ್ಪತ್ರೆಗೆ ಓಡಿದ. ಹಾಸಿಗೆಯ ಪಕ್ಕ ಖಲಂದರನ ಹೆಂಡತಿ ಹಫೀಜಾ ಕೂತಿದ್ದಳು. ಅವಳು ನೀರು ತರಲು ಎದ್ದದ್ದೇ ಅಂಕಯ್ಯ ಅಳತೊಡಗಿದ. ಖಲಂದರ್ ತಡೆದ.

"ಸುಮ್ನಿರ್ಲಾ. ಸೂಪರ್‌ವೈಸರ್ ಬಂದಿದ್ರು. ಗೂಟ ನಂದೇ ಅಂದ್ಬುಟ್ಟಿವ್ನಿ. ನೀನು ಒಪ್ಕೊಂಡ್ರೆ ನನ್ ಬೆರಳೇನ್ ಚಿಗುರ್ತವಾ? ಇಬ್ರ ಮನೇನೂ ಯಾಕ್ ಕೆಡ್ಬೇಕು?"

ಕಾಯಂ ಆಗುವವರ ಪಟ್ಟಿಯಲ್ಲಿ ಆ ತಿಂಗಳು ಅಂಕಯ್ಯನ ಹೆಸರಿತ್ತು. ಅವನು ಸುಮ್ಮನಾದ. ಸುಮ್ಮನಾಗುವುದು ಎಷ್ಟು ಸುಲಭವೆಂದು ಅವನಿಗೇ ಆಶ್ಚರ್ಯವಾಗಿರಬೇಕು. ಖಲಂದರನದೇ ತಪ್ಪೆಂದು ಬರೆದುಕೊಂಡು ಕಂಪನಿ ಅವನನ್ನು ಮನೆಗೆ ಕಳಿಸಿತು. ಲೇತಿಗೆ ವಾಪಸು ಬರೋಣವೆಂದರೆ ಉಳಿ ಹಿಡಿಯಲು ಎಡಗೈ ಬೇಕು. ಕೊನೆಗೆ ಹೆದ್ದಾರಿಯ ಅಂಗಡಿಯೊಂದರಲ್ಲಿ ಬೇರೆಯವರು ಮಾಡಿದ ಬೊಂಬೆ ಮಾರಲು ನಿಂತ.

ಅಂಕಯ್ಯ ಒಂದು ಭಾನುವಾರವೂ ತಪ್ಪಿಸದೆ ಅವನ ಮನೆಗೆ ಹೋಗುತ್ತಿದ್ದ. ಬರಿಗೈಲಿ ಹೋದವನಲ್ಲ. ಅವರೆಕಾಯಿಯೋ, ತೆಂಗಿನಕಾಯಿಯೋ, ಹೊಲದಲ್ಲಿ ಏನು ಬೆಳೆದಿತ್ತೋ ಅದು. ಗೂಟದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಹಫೀಜಾ ಚಾ ಕೊಡುತ್ತಲೇ ಗಂಡನ ಮೇಲೆ ಹರಿಹಾಯುತ್ತಿದ್ದಳು.

"ನೋಡಿ ಅಂಕಣ್ಣ, ಟಾರ್ಗೆಟ್ ಟಾರ್ಗೆಟ್ ಅಂತ ಮಿಷನ್‌ಗೆ ಕಡ್ಡಿ ಸಿಗ್ಸಿ ಕೈ ಕಳ್ಕೊಂಡ ಬುದ್ಧಿವಂತರು ಇವರು! ಯಾರನ್ನ ಬೈಯೋದು, ಹೇಳಿ?"

ಖಲಂದರ್ ನಗುತ್ತಾ ಉಳಿದ ಹೆಬ್ಬೆರಳಿನಿಂದ ಗಡ್ಡ ಕೆರೆದುಕೊಳ್ಳುತ್ತಿದ್ದ. ಅಂಕಯ್ಯ ಚಾ ಲೋಟದೊಳಗೆ ಮುಖ ಹುದುಗಿಸುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡರೆ ಒಂದು ಸಲ ನೋಡಿಕೊಂಡಾನು. ಇವನು ವಾರವಾರ ಹೋಗಿ ಮುಟ್ಟಿಕೊಂಡು ಬರುತ್ತಿದ್ದ. ಹೀಗೆ ಆರು ವರ್ಷ. ಅಷ್ಟರಲ್ಲಿ ಅಂಕಯ್ಯ ಕಾಯಂ ಆದ, ಮನೆಗೆ ತಾರಸಿ ಹಾಕಿಸಿದ. ಗೃಹಪ್ರವೇಶಕ್ಕೆ ಮೊದಲು ಬಂದವನು ಖಲಂದರನೇ. ಅವನನ್ನು ಹೊಸ ಬಾಗಿಲಲ್ಲಿ ನೋಡಿ ಅಂಕಯ್ಯನಿಗೆ ಸತ್ತುಹೋಗೋಣ ಅನ್ನಿಸಿತು. ಅನ್ನಿಸಿದ್ದು ಅಷ್ಟೇ, ಊಟಕ್ಕೆ ಎಲೆ ಹಾಕಿಸಿದ.

ಆರನೆಯ ವರ್ಷ ಖಲಂದರನ ಮಗಳು ನಿಖಾತ್‌ಗೆ ಬಿಡದಿಯಲ್ಲೇ ಕೆಲಸವಾಯಿತು, ಕಾರಿಗೆ ವೈರು ಜೋಡಿಸುವ ಕಾರ್ಖಾನೆಯಲ್ಲಿ. ಆ ಭಾನುವಾರ ಅವಳು ಹೊಸ ಗುರುತಿನ ಚೀಟಿ ತೋರಿಸುತ್ತಾ ಓಡಾಡುತ್ತಿದ್ದಳು.

"ಹುಷಾರಾಗಿ ಕೆಲ್ಸ ಮಾಡವ್ವ," ಅಂದ ಅಂಕಯ್ಯ.

"ಭಯ ಬೇಡ ಮಾಮ. ನಾನೇನು ಅಬ್ಬನ ಥರ ಅಡ್ಡದಾರಿ ಹಿಡಿಯಲ್ಲ," ಎಂದು ಹುಡುಗಿ ನಕ್ಕಳು.

ಖಲಂದರ್ ಕೂಡ ನಕ್ಕ. ಹೆಂಡತಿಯ ಬೈಗುಳಕ್ಕೆ ನಗುತ್ತಿದ್ದ ನಗುವಲ್ಲ ಅದು. ಹೆತ್ತ ಮಗಳ ಎದುರು ಸಣ್ಣವನಾಗಿ, ಸಣ್ಣವನಾದದ್ದು ಕಾಣಬಾರದೆಂದು ನಕ್ಕಿದ್ದು. ಅಂಕಯ್ಯನಿಗೆ ತಡೆಯಲಾಗಲಿಲ್ಲ.

"ನಿಮ್ಮಪ್ಪಂದು ಏನೂ ತಪ್ಪಿಲ್ಲ ಕಣವ್ವ. ಆ ಗೂಟ ಕಡೆದೋನು ನಾನು. ಅದ್ನ ಕೀಳ್ದೆ ಬಾಡೂಟಕ್ಕೆ ಓಡ್ದೋನೂ ನಾನೇ. ಅವನು ನನ್ ಕೆಲ್ಸ ಉಳಿಸ್ದ."

"ಲೇ ಅಂಕಾ, ಬಾಯ್ಮುಚ್ಚು!" ಖಲಂದರ್ ಅರ್ಧ ಎದ್ದು ನಿಂತ.

ನಿಖಾತ್ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು. "ಆರು ವರ್ಷ ನಮ್ಮನೇಲಿ ಚಾ ಕುಡಿದ್ರಲ್ಲ ಮಾಮ," ಎಂದಳು, ಜೋರಾಗಿಯೂ ಅಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಫೀಜಾ ಮಾತ್ರ ಬೆಚ್ಚಲಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು ಬಿಡಿಸುತ್ತಲೇ ಇದ್ದಳು. ಅಂಕಯ್ಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿದ.

"ಹಫೀಜಮ್ಮ, ತಪ್ಪಾಯ್ತು. ಹೊಡೀರಿ, ಉಗೀರಿ. ಕ್ಷಮಿಸ್ದೆ ಅಂತ ಒಂದ್ ಮಾತಂದ್ಬುಡಿ."

"ನಂಗೊತ್ತು ಅಂಕಣ್ಣ. ಇವ್ರು ಆಸ್ಪತ್ರೇಲೇ ಹೇಳಿದ್ರು. ಯಾರ್ಗೂ ಹೇಳ್ಬೇಡ ಅಂತ ತಲೆ ಮೇಲೆ ಕೈ ಇಡ್ಸಿ ಆಣೆ ಮಾಡ್ಸಿದ್ರು."

"ಗೊತ್ತಿದ್ದೂ ಅವನ್ನೇ ಬೈತಿದ್ರಾ?"

"ಈ ಮನೇಲಿ ನಾವು ಆಡೋದು ಉರ್ದು. ನನ್ನ ಗಂಡನ್ನ ಬೈಯೋಕೆ ನಂಗೆ ಕನ್ನಡ ಯಾಕೆ ಬೇಕಿತ್ತು?"

ಹಫೀಜಾ ಇನ್ನೊಂದು ಅವರೆಕಾಯಿ ಬಿಡಿಸಿದಳು.

"ನೀವು ಎದ್ದು ಹೋದ್ಮೇಲೆ ಅವರಿಗೆ ಒಂದು ಮಾತೂ ಅಂದೋಳಲ್ಲ ನಾನು. ಈ ವಾರ ಹೇಳ್ತಾರೆ, ಬರೋ ವಾರ ಹೇಳ್ತಾರೆ ಅಂತ ಕಾದೆ. ಮೊದಲ್ನೇ ವರ್ಷ ಹೇಳಿದ್ರೆ ನಾಲ್ಕು ಮಾತು ಉಗಿದು ಮಾಫ್ ಮಾಡ್ಬಿಡ್ತಿದ್ದೆ. ಈಗ ನೀವು ಕೇಳ್ತಿದ್ದೀರಿ, ನಾನೂ ಒಳಗೆ ಹುಡುಕ್ತಿದ್ದೀನಿ. ಸಿಟ್ಟೂ ಸಿಗ್ತಿಲ್ಲ, ಮಾಫೀನೂ ಸಿಗ್ತಿಲ್ಲ. ಇಲ್ದೇ ಇರೋದನ್ನ ಹೇಗೆ ಕೊಡ್ಲಿ ಅಣ್ಣ?"

ಅವಳು ಕಾಳನ್ನು ಮೊರಕ್ಕೆ ಸುರಿದು ಒಳಗೆ ಹೋದಳು. ಅಂಕಯ್ಯನಿಗೆ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ. ಖಲಂದರನೇ ತೋಳು ಹಿಡಿದು ಎಬ್ಬಿಸಿದ. ಎಂದಿನಂತೆ ರಸ್ತೆಯವರೆಗೂ ಜೊತೆಗೆ ಬಂದ.

"ನೀನಾದ್ರೂ ಏನಾರ ಅನ್ಲಾ," ಅಂದ ಅಂಕಯ್ಯ.

ಬಸ್ಸು ತಿರುವಿನಲ್ಲಿ ಕಾಣಿಸಿತು. ಖಲಂದರ್ ಅದನ್ನೇ ನೋಡುತ್ತಾ ಹೇಳಿದ:

"ಬಡವ ಕಣ್ಲಾ ನಾನು. ಹುಟ್ಟಿದಾಗಿಂದ ಯಾರ್ಗೂ ಏನೂ ಕೊಟ್ಟೋನಲ್ಲ. ಗೂಟ ನಂದೇ ಅಂದಿದ್ದು, ನಿಂಗೆ ಅದೊಂದ್ ಕೊಟ್ಟಿದ್ದೆ. ಅದ್ನೂ ನೀನು ವಾಪಸ್ ತಂದ್ ಕೊಟ್ಬುಟ್ಟೆ."

ಬಸ್ಸು ಬಂದು ನಿಂತಿತು. ಕಂಡಕ್ಟರು ಎರಡು ಸಲ ಕೂಗಿದ. ಅಂಕಯ್ಯ ಹತ್ತಲಿಲ್ಲ, ಖಲಂದರನೂ ಹಿಂದಿರುಗಿ ಹೋಗಲಿಲ್ಲ. ಬಸ್ಸು ಹೋದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು.